ಎರಡನೇ ಓದಿಗೆ ಒಲಿಯುವ ಕಾದಂಬರಿ

ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಗ್ಗೆ ಬೆಂಗಳೂರಿನ ಓದುಗರನ್ನು ಕೇಳಿ ನೋಡಿ, ಸಾಮಾನ್ಯವಾಗಿ ಎರಡೇ ಉತ್ತರ. ಒಂದು, “ಅಯ್ಯೋ, ಅದನ್ನ ಎಷ್ಟು ಸಲ ಓದಿದೀನೋ ಲೆಕ್ಕವೇ ಇಲ್ಲ.” ಇನ್ನೊಂದು, “ಶುರು ಮಾಡಿದ್ದೆ ಕಣ್ರೀ, ಮುಂದಕ್ಕೆ ಹೋಗ್ಲೇ ಇಲ್ಲ.” ಒಂದು ಸಲ ಓದಿ, ಪರವಾಗಿಲ್ಲ ಎಂದು ಕಪಾಟಿಗೆ ಸೇರಿಸಿ ಮರೆತವರು ಕಡಿಮೆ. ಕಾರಣ ಆ ಕಾದಂಬರಿಯನ್ನು ಕಟ್ಟಿರುವ ರೀತಿಯಲ್ಲೇ ಇದೆ. ಮೊದಲ ಓದಿನಲ್ಲಿ ನಮ್ಮ ದಾರಿ ತಪ್ಪಿಸಬೇಕೆಂದೇ ಬರೆದ ಪುಸ್ತಕ ಅದು. ತಪ್ಪಿದ್ದು ಗೊತ್ತಾಗಿ ಹಿಂದಿನ ಪುಟಗಳಿಗೆ ಮರಳಿದರೆ, ಸುಳಿವುಗಳನ್ನು ಒಂದನ್ನೂ ಬಚ್ಚಿಡದೆ ಕಣ್ಣೆದುರೇ ಇಟ್ಟಿರುವುದು ಕಾಣುತ್ತದೆ. ಪುಸ್ತಕದ ಮೇಲೆ ಮೋಹ ಹುಟ್ಟುವುದು ಆಗ. ಅಲ್ಲಿಯವರೆಗೆ ಬರದೆ ಹತ್ತನೇ ಅಧ್ಯಾಯಕ್ಕೇ ಕೈಬಿಟ್ಟವರಿಗೆ ಸಿಕ್ಕಿರುವುದು ಬರೀ ಚಹಾ, ಇಸ್ಪೀಟು, ನೃತ್ಯಕೂಟ ಮತ್ತು ಮುಗಿಯದ ಮಾತು.

ಹಾಗೆ ಕೈಬಿಟ್ಟವರಿಗೂ, ಇನ್ನೂ ಕೈಗೆತ್ತಿಕೊಳ್ಳದವರಿಗೂ ಈ ಬರಹ. ಕತೆ ಮೊದಲೇ ತಿಳಿದರೆ ಓದು ಕೆಡುತ್ತದೆ ಎನ್ನುವವರು ಮೊದಲು ಕಾದಂಬರಿ ಓದಿ ಬರಬಹುದು. ಈ ಪುಸ್ತಕದ ಮಟ್ಟಿಗೆ ನನಗೆ ಆ ಭಯವಿಲ್ಲ.

ಮೊದಲು ಪುಸ್ತಕ ಕೊಳ್ಳುವ ವಿಚಾರ. ಜೇನ್ ಆಸ್ಟಿನ್ ತೀರಿಕೊಂಡದ್ದು 1817ರಲ್ಲಿ. ಹಕ್ಕುಸ್ವಾಮ್ಯ ಮುಗಿದು ಕಾಲವಾಗಿದೆ, ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಗಾಗಿ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದೇ ಕಾದಂಬರಿಯ ಹತ್ತಾರು ಮುದ್ರಣಗಳು ಸಾಲಾಗಿ ನಿಂತಿರುತ್ತವೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಗೈಡುಗಳ ನಡುವೆಯೂ ಸಿಕ್ಕುತ್ತದೆ, ಆದರೆ ಅಲ್ಲಿ ಸಿಗುವುದು ಶಾಲಾ ಮಕ್ಕಳಿಗಾಗಿ ಸಂಕ್ಷೇಪಿಸಿದ ಪ್ರತಿಯೋ ಪೂರ್ತಿ ಪಠ್ಯವೋ ಎಂದು ನೋಡಿಕೊಳ್ಳಬೇಕು. ಪರೀಕ್ಷೆ ಸುಲಭ. ಪೂರ್ತಿ ಪಠ್ಯದಲ್ಲಿ 61 ಅಧ್ಯಾಯ, ಸುಮಾರು 1,22,000 ಪದ. ಸಾಧಾರಣ ಅಕ್ಷರದ ಗಾತ್ರದಲ್ಲಿ ಮುನ್ನೂರಕ್ಕಿಂತ ತೀರಾ ಕಡಿಮೆ ಪುಟಗಳಲ್ಲಿ ಮುಗಿದಿದ್ದರೆ ಅದನ್ನು ಕತ್ತರಿಸಿದ್ದಾರೆ ಅಂತಲೇ ಅರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಕತ್ತರಿ ಮೊದಲು ಬೀಳುವುದು ಮಾತುಕತೆಗೆ ಮತ್ತು ಪತ್ರಗಳಿಗೆ, ಇಲ್ಲಿ ಇಡೀ ಕತೆ ನಡೆಯುವುದೇ ಆ ಎರಡರಲ್ಲಿ.

ಕೆಲವು ಒಳ್ಳೆಯ ಆವೃತ್ತಿಗಳಲ್ಲಿ 61ರವರೆಗೆ ಸಂಖ್ಯೆ ಇರುವುದಿಲ್ಲ. 1813ರ ಜನವರಿ 28ರಂದು ಅದು ಹೊರಬಂದದ್ದು ಮೂರು ಸಂಪುಟಗಳಲ್ಲಿ, ಬೆಲೆ 18 ಶಿಲ್ಲಿಂಗ್. ಮೊದಲ ಸಂಪುಟದಲ್ಲಿ 23 ಅಧ್ಯಾಯ, ಎರಡು ಮತ್ತು ಮೂರರಲ್ಲಿ ತಲಾ 19. ಆ ವಿಂಗಡಣೆ ಉಳಿಸಿಕೊಂಡ ಪ್ರತಿ ನಿಮ್ಮದಾದರೆ ಎರಡನೇ ಸಂಪುಟದ 11ನೇ ಅಧ್ಯಾಯವನ್ನು 34 ಎಂದೂ, ಮೂರನೆಯದರ ಮೊದಲ ಅಧ್ಯಾಯವನ್ನು 43 ಎಂದೂ ಲೆಕ್ಕ ಹಾಕಿಕೊಳ್ಳಿ. ಇಲ್ಲಿ ನಾನು ಹೇಳುವುದೆಲ್ಲ ಒಂದೇ ಓಟದ ಸಂಖ್ಯೆ.

ಪೆಂಗ್ವಿನ್ ಕ್ಲಾಸಿಕ್ಸ್, ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಪ್ರತಿಗಳಲ್ಲಿ ಕೊನೆಗೆ ಟಿಪ್ಪಣಿಗಳಿರುತ್ತವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರೂ ಅಂಥದ್ದನ್ನೇ ಹುಡುಕಿ. ಮುನ್ನುಡಿಯನ್ನು ಮಾತ್ರ ಕೊನೆಗೆ ಓದಿ. ಕಾದಂಬರಿ ಓದಿದವರಿಗಾಗಿ ಬರೆದ ಮುನ್ನುಡಿಯನ್ನು ಮುಂದೆ ಯಾಕೆ ಇಡುತ್ತಾರೋ ಪ್ರಕಾಶಕರೇ ಹೇಳಬೇಕು. ಟಿಪ್ಪಣಿಗೆ ಪ್ರತಿ ಸಾಲಿಗೂ ಹಾರಬೇಡಿ, ಅಧ್ಯಾಯ ಮುಗಿದ ಮೇಲೆ ಒಮ್ಮೆ ನೋಡಿದರೆ ಸಾಕು. ದುಡ್ಡು ಕೊಡದೆ ಓದುವವರಿಗೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ 1342ನೇ ಸಂಖ್ಯೆಯಲ್ಲಿ ಪೂರ್ತಿ ಪಠ್ಯವಿದೆ. ಲಿಬ್ರಿವಾಕ್ಸ್‌ನಲ್ಲಿ ಕೇಳಲಿಕ್ಕೂ ಉಚಿತವಾಗಿ ಸಿಗುತ್ತದೆ.

ಸಮಯದ ಲೆಕ್ಕ: ಒಂದು ಅಧ್ಯಾಯ ಸರಾಸರಿ 2,000 ಪದ. ನಿಮಿಷಕ್ಕೆ ಇನ್ನೂರು ಪದದ ವೇಗದಲ್ಲಿ ಹತ್ತು ನಿಮಿಷ, ಇಂಗ್ಲಿಷ್ ಓದು ಸ್ವಲ್ಪ ನಿಧಾನವಾದವರಿಗೆ ಹದಿನೈದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೂರಲು ಜಾಗ ಸಿಕ್ಕಿದರೆ ಇಂದಿರಾನಗರದ ಹೊತ್ತಿಗೆ ಒಂದು ಅಧ್ಯಾಯ ಆಗಿರುತ್ತದೆ. ಹೀಗೆ ಹಂಚಿ ಓದಬಹುದು, ತೊಂದರೆಯಿಲ್ಲ. 34, 35, 36 ಈ ಮೂರನ್ನು ಮಾತ್ರ ಒಂದೇ ಕೂತಲ್ಲಿ ಓದಬೇಕು. ಭಾನುವಾರಕ್ಕೆ ಇಟ್ಟುಕೊಳ್ಳಿ.

ಇನ್ನು ಓದುವಾಗ ಎಲ್ಲಿ ಕಾಲು ಜಾರುತ್ತದೆ? ಮೊದಲನೆಯದು ಹೆಸರುಗಳಲ್ಲಿ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು: ಜೇನ್, ಎಲಿಜಬೆತ್, ಮೇರಿ, ಕಿಟ್ಟಿ, ಲಿಡಿಯಾ. ‘ಮಿಸ್ ಬೆನೆಟ್’ ಎಂದರೆ ಹಿರಿಯವಳಾದ ಜೇನ್ ಮಾತ್ರ, ಉಳಿದವರು ‘ಮಿಸ್ ಎಲಿಜಬೆತ್’, ‘ಮಿಸ್ ಲಿಡಿಯಾ’. ಆದರೆ ಹಿರಿಯಳು ಇಲ್ಲದ ಕಡೆ ಕತೆಯ ನಾಯಕಿ ಎಲಿಜಬೆತ್‌ಗೇ ‘ಮಿಸ್ ಬೆನೆಟ್’ ಪಟ್ಟ ಸಿಗುತ್ತದೆ. ನಾಯಕ ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರೀನ್ ಮನೆಯಲ್ಲಿ ಹಾಗೆ ಕರೆಯುವುದು ಅವಳನ್ನೇ. ನೆರೆಯ ಬಂಗಲೆಗೆ ಬಂದ ಶ್ರೀಮಂತ ಬಿಂಗ್ಲಿಗೆ ಇಬ್ಬರು ಅಕ್ಕತಂಗಿಯರು ಇದ್ದರೂ ‘ಮಿಸ್ ಬಿಂಗ್ಲಿ’ ಎಂದರೆ ಮದುವೆಯಾಗದ ಕ್ಯಾರೊಲಿನ್. ದೊಡ್ಡತ್ತೆ, ಚಿಕ್ಕತ್ತೆ, ಸೋದರತ್ತೆ ಎಂದು ಲೆಕ್ಕ ಇಟ್ಟುಕೊಂಡೇ ಬೆಳೆದ ನಮಗೆ ಇದೇನು ಮಹಾ ಕಷ್ಟವಲ್ಲ, ಮೊದಲೇ ತಿಳಿದಿರಬೇಕು ಅಷ್ಟೇ. ಪುಸ್ತಕದ ಒಳರಟ್ಟಿಗೆ ಒಂದು ಚೀಟಿ ಅಂಟಿಸಿ ಹೆಸರು ಬರೆದುಕೊಳ್ಳಿ. ಹೆಸರಿನ ಮುಂದೆ ವರಮಾನವನ್ನೂ ಬರೆಯಿರಿ.

ವರಮಾನ ಯಾಕೆಂದರೆ, ಈ ಪ್ರೇಮಕತೆಯ ಅರ್ಧ ಅರ್ಥ ಇರುವುದು ಆ ಅಂಕಿಗಳಲ್ಲಿ. ಮೊದಲ ಅಧ್ಯಾಯದಲ್ಲೇ ಬೆನೆಟ್ ಹೆಂಡತಿ ಹೇಳುತ್ತಾಳೆ, ಹೊಸದಾಗಿ ಬಂದ ಬಿಂಗ್ಲಿಗೆ ವರ್ಷಕ್ಕೆ ನಾಲ್ಕೈದು ಸಾವಿರ ಪೌಂಡ್ ಎಂದು. ಬಾಯಿಬಡುಕಿಯ ಉತ್ಪ್ರೇಕ್ಷೆ ಎಂದುಕೊಂಡು ಮುಂದೆ ಹೋಗುತ್ತೇವೆ. ನಾಲ್ಕನೇ ಅಧ್ಯಾಯದಲ್ಲಿ ಬಿಂಗ್ಲಿಗೆ ತಂದೆಯಿಂದ ಬಂದ ಆಸ್ತಿ ಹೆಚ್ಚುಕಡಿಮೆ ಒಂದು ಲಕ್ಷ ಪೌಂಡ್ ಎನ್ನುತ್ತಾಳೆ ಲೇಖಕಿ. ಆ ಕಾಲದ ಬಡ್ಡಿ ಶೇಕಡ ನಾಲ್ಕು, ಐದು. ಲಕ್ಷಕ್ಕೆ ನಾಲ್ಕೈದು ಸಾವಿರ! ಆ ತಾಯಿಯ ಲೆಕ್ಕ ಪೈಸೆಗೆ ಪೈಸೆ ಸರಿ. ಎಲ್ಲರೂ ನಗುವ ಹೆಂಗಸು ದುಡ್ಡಿನ ವಿಷಯದಲ್ಲಿ ಒಮ್ಮೆಯೂ ತಪ್ಪುವುದಿಲ್ಲ ಎಂಬುದನ್ನು ಗಮನಿಸಿದರೆ ಅವಳ ಬಗೆಗಿನ ನಗು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಂಗ್ಲಿಯ ಗೆಳೆಯ ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ. ಅವನ ತಂಗಿಯ ಹೆಸರಿನಲ್ಲಿ ಮೂವತ್ತು ಸಾವಿರದ ಗಂಟು. ಬೆನೆಟ್ ಮನೆಗೆ ಜಮೀನಿನಿಂದ ವರ್ಷಕ್ಕೆ ಎರಡು ಸಾವಿರ. ಕೇಳಲಿಕ್ಕೆ ಚೆನ್ನಾಗಿದೆ, ಆದರೆ ಅದು ತಂದೆ ಇರುವ ತನಕ ಮಾತ್ರ. ಆ ಜಮೀನು ಗಂಡು ವಾರಸುದಾರನಿಗೇ ಹೋಗಬೇಕೆಂದು ಹಿರಿಯರು ಪತ್ರದಲ್ಲಿ ಕಟ್ಟು ಹಾಕಿದ್ದಾರೆ, ಹಾಗಾಗಿ ಮುಂದೆ ಅದು ದೂರದ ಸಂಬಂಧಿ ಕಾಲಿನ್ಸ್ ಪಾಲು. ತಾಯಿ ಮತ್ತು ಮಕ್ಕಳಿಗೆಂದು ಬರೆದಿಟ್ಟಿರುವುದು ಐದು ಸಾವಿರ, ಅಂದರೆ ಐವರಿಗೆ ತಲಾ ಒಂದು ಸಾವಿರ, ಅದೂ ತಾಯಿಯ ನಂತರ. ಬಡ್ಡಿ ವರ್ಷಕ್ಕೆ ನಲವತ್ತು ಪೌಂಡ್. 19ನೇ ಅಧ್ಯಾಯದಲ್ಲಿ ಎಲಿಜಬೆತ್‌ಳನ್ನು ಮದುವೆಗೆ ಕೇಳುವ ಕಾಲಿನ್ಸ್ ಈ ಲೆಕ್ಕವನ್ನು ಅವಳ ಮುಖದ ಮೇಲೇ ಒಪ್ಪಿಸುತ್ತಾನೆ. ಅವಳು ಆಗಲೂ ಒಲ್ಲೆ ಎನ್ನುತ್ತಾಳೆ. ನಲವತ್ತು ಪೌಂಡ್ ತಲೆಯಲ್ಲಿದ್ದರೆ ಆ ‘ಒಲ್ಲೆ’ಯ ತೂಕ ಗೊತ್ತಾಗುತ್ತದೆ; ಇಲ್ಲದಿದ್ದರೆ ಅದು ಬರೀ ತಮಾಷೆಯ ಪ್ರಸಂಗ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ, ಅದರ ಜೊತೆಗೇ ಒಂದು ಅಪಾಯ. ಹುಡುಗನಿಗೆ ಎಷ್ಟು ಸಂಬಳ, ಸ್ವಂತ ಮನೆಯೋ ಬಾಡಿಗೆಯೋ, ಅಕ್ಕತಂಗಿಯರದು ಮದುವೆ ಆಗಿದೆಯೋ ಎಂದು ಜಯನಗರದ ಹಜಾರಗಳಲ್ಲಿ ಇವತ್ತಿಗೂ ನಡೆಯುವ ವಿಚಾರಣೆ ಬೆನೆಟ್ ಮನೆಯದಕ್ಕಿಂತ ಬೇರೆಯಲ್ಲ. ಹಾಗಾಗಿ ನಾವು ಬೇಗ ಒಳಕ್ಕೆ ಬರುತ್ತೇವೆ. ಅಪಾಯವೆಂದರೆ ಎಲ್ಲವೂ ನಮ್ಮದೇ ಎಂದುಕೊಳ್ಳುವುದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಅದಕ್ಕೆ ಮೊದಲಿನ ನಮ್ಮ ಪದ್ಧತಿಯ ಹಾಗೆ ಬೆನೆಟ್ ಆಸ್ತಿಯ ಕಟ್ಟು ಧರ್ಮದಿಂದಲೋ ಸಂಪ್ರದಾಯದಿಂದಲೋ ಬಂದದ್ದಲ್ಲ. ಒಂದು ಕುಟುಂಬ ತಾನೇ ಬರೆಸಿಕೊಂಡ ಕರಾರು ಅದು. ಮಗ ಹುಟ್ಟಿ ವಯಸ್ಕನಾಗಿದ್ದರೆ ಅಪ್ಪ ಮಗ ಕೂಡಿ ಅದನ್ನು ಮುರಿಯಬಹುದಿತ್ತು. 50ನೇ ಅಧ್ಯಾಯದಲ್ಲಿ ಈ ಮಾತು ಬರುತ್ತದೆ: ಮಗ ಹುಟ್ಟೇ ಹುಟ್ಟುತ್ತಾನೆ ಎಂಬ ಧೈರ್ಯದಲ್ಲಿ ಬೆನೆಟ್ ಒಂದು ಕಾಸೂ ಕೂಡಿಡಲಿಲ್ಲ. ಅಲ್ಲಿಯವರೆಗೆ ಹೆಂಡತಿಯನ್ನು ಗೇಲಿ ಮಾಡುವ ಜಾಣ ಅಪ್ಪನಾಗಿ ನಮಗೆ ಇಷ್ಟವಾಗಿದ್ದವನು ಅಲ್ಲಿ ತಟ್ಟನೆ ಸಣ್ಣವನಾಗುತ್ತಾನೆ. ನನ್ನ ಲೆಕ್ಕದಲ್ಲಿ ಇಡೀ ಕಾದಂಬರಿಯಲ್ಲಿ ಅತಿ ದೊಡ್ಡ ತಪ್ಪು ಮಾಡಿದವನು ಅವನೇ.

ಎರಡನೆಯ ತೊಡಕು ಮಾತುಕತೆ. ಯಾರು ಆಡಿದರು ಎಂದು ಹೇಳದೆ ಸಾಲು ಸಾಲಾಗಿ ಮಾತು ಹರಿಯುತ್ತದೆ. ಮೊದಲ ಅಧ್ಯಾಯವೇ ಹಾಗೆ, ಗಂಡ ಹೆಂಡತಿಯ ಸಂವಾದ. ಇದು ಆಸ್ಟಿನ್‌ಗೂ ಗೊತ್ತಿತ್ತು. ಪುಸ್ತಕ ಕೈಗೆ ಬಂದ ಹೊಸದರಲ್ಲಿ, 1813ರ ಜನವರಿ 29ರಂದು ಅಕ್ಕ ಕಸಾಂಡ್ರಾಗೆ ಬರೆದ ಪತ್ರದಲ್ಲಿ, ಅಲ್ಲಲ್ಲಿ ‘ಅವನೆಂದ’ ‘ಅವಳೆಂದಳು’ ಸೇರಿಸಿದ್ದರೆ ಸ್ಪಷ್ಟವಾಗುತ್ತಿತ್ತು, ಆದರೆ ತಾನು ಬರೆಯುವುದು ಮಂದಬುದ್ಧಿಯವರಿಗಲ್ಲ ಎನ್ನುತ್ತಾಳೆ. ಪರಿಹಾರ ಗಟ್ಟಿಯಾಗಿ ಓದುವುದು. ಆ ಮನೆಯಲ್ಲೂ ಮೊದಲು ಗಟ್ಟಿಯಾಗಿಯೇ ಓದಿದರು. ನೆರೆಯ ಮಹಿಳೆಯೊಬ್ಬರನ್ನು ಕೂರಿಸಿಕೊಂಡು, ಬರೆದವಳು ಎದುರಿಗೇ ಇದ್ದಾಳೆಂದು ಹೇಳದೆ, ಮೊದಲ ಸಂಪುಟದ ಅರ್ಧ ಓದಿ ಮುಗಿಸಿದರು. ಎರಡನೇ ಸಂಜೆಯ ಓದು ಚೆನ್ನಾಗಿ ಬರಲಿಲ್ಲ, ಅಮ್ಮ ತೀರಾ ಬೇಗ ಬೇಗ ಓದಿಬಿಡುತ್ತಾಳೆ, ಪಾತ್ರಗಳು ಆಡಬೇಕಾದ ಹಾಗೆ ಆಡಿಸುವುದಿಲ್ಲ ಎಂದು ಮುಂದಿನ ಪತ್ರದಲ್ಲಿ ಗೊಣಗಾಟ. ಲೇಖಕಿಯಿಂದಲೇ ಬಂದ ಸೂಚನೆ ಇದು: ಅವಸರ ಬೇಡ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಚಾಪೆ ಹಾಸಿ ನೂರಾರು ಜನ ಮೌನವಾಗಿ ಓದುತ್ತಾರಲ್ಲ, ಚಂದವೇ. ಆದರೆ ಈ ಪುಸ್ತಕಕ್ಕೆ ಇಬ್ಬರು ಮೂವರು ಮನೆಯಲ್ಲಿ ಕೂತು ಪಾತ್ರ ಹಂಚಿಕೊಂಡು ದನಿ ತೆಗೆದು ಓದುವುದೇ ಮೇಲು. 1, 10, 18, 20 ಮತ್ತು 56ನೇ ಅಧ್ಯಾಯಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 56ರಲ್ಲಿ ಲೇಡಿ ಕ್ಯಾಥರೀನ್ ಪಾತ್ರಕ್ಕೆ ಜಗಳವಾಗುತ್ತದೆ, ಮೊದಲೇ ಚೀಟಿ ಎತ್ತಿ.

ಮೂರನೆಯದು ತೊಡಕಲ್ಲ, ಬಲೆ. ಕತೆ ಹೇಳುವ ದನಿ ಒಂದು ವಾಕ್ಯದಲ್ಲಿ ಲೇಖಕಿಯದಾಗಿದ್ದು, ಮುಂದಿನ ವಾಕ್ಯದಲ್ಲಿ ಸದ್ದಿಲ್ಲದೆ ಎಲಿಜಬೆತ್‌ಳ ಮನಸ್ಸಿನದಾಗಿಬಿಡುತ್ತದೆ. ‘ಅವಳಿಗೆ ಹೀಗನ್ನಿಸಿತು’ ಎಂಬ ಸೂಚನೆ ಇರುವುದಿಲ್ಲ. ಹಾಗಾಗಿ ಅವಳ ಅನಿಸಿಕೆಯನ್ನೇ ನಾವು ಸತ್ಯಸಂಗತಿ ಎಂದು ನುಂಗುತ್ತೇವೆ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹತ್ತಿರದಿಂದ ನೋಡೋಣ.

ಮೂರನೇ ಅಧ್ಯಾಯದ ನೃತ್ಯಕೂಟದಲ್ಲಿ ಡಾರ್ಸಿ ಎಲಿಜಬೆತ್‌ಗೆ ಕೇಳಿಸುವ ಹಾಗೆಯೇ ಅನ್ನುತ್ತಾನೆ: ಪರವಾಗಿಲ್ಲ, ಆದರೆ ನನ್ನನ್ನು ಸೆಳೆಯುವಷ್ಟು ರೂಪವಿಲ್ಲ. ಆ ಮಾತು ಎಲ್ಲರಿಗೂ ನೆನಪಿರುತ್ತದೆ. ಯಾರಿಗೂ ನೆನಪಿರದ್ದು ಆರನೇ ಅಧ್ಯಾಯ. ಅವಳ ಮುಖದಲ್ಲಿ ಚೆಂದವೆನ್ನುವಂಥದ್ದೇನೂ ಇಲ್ಲ ಎಂದು ತನಗೂ ಗೆಳೆಯರಿಗೂ ಸಾಬೀತು ಮಾಡಿಕೊಂಡ ಕೂಡಲೇ, ಆ ಕಪ್ಪು ಕಣ್ಣುಗಳಿಂದ ಮುಖಕ್ಕೆ ಎಂಥ ಕಳೆ ಬಂದಿದೆ ಎಂದು ಅವನಿಗೆ ಕಾಣತೊಡಗಿತು ಎಂದು ಲೇಖಕಿ ಅಲ್ಲಿ ನೇರವಾಗಿ, ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾಳೆ. ಅವಮಾನವಾಗಿ ಮೂರೇ ಅಧ್ಯಾಯ! ಅಷ್ಟೇ ಅಲ್ಲ, ಇದು ಅವಳಿಗೆ ಗೊತ್ತಿರಲಿಲ್ಲ, ಅವಳ ಪಾಲಿಗೆ ಅವನು ತನ್ನೊಂದಿಗೆ ಕುಣಿಯಲೊಪ್ಪದ ಮನುಷ್ಯ ಮಾತ್ರ ಎಂದೂ ಸೇರಿಸುತ್ತಾಳೆ. ಹತ್ತರಲ್ಲಿ ಅವನು ಕುಣಿಯಲು ಕರೆಯುತ್ತಾನೆ. ಗೇಲಿ ಮಾಡಲು ಕರೆದನೆಂದು ಅವಳು ಚುಚ್ಚಿ ಮಾತಾಡಿ ನಿರಾಕರಿಸುತ್ತಾಳೆ. ಇವಳ ಕಡೆಯವರು ಇಷ್ಟು ಕೆಳಗಿನವರಲ್ಲದಿದ್ದರೆ ತನಗೆ ಅಪಾಯವಿತ್ತು ಎಂದು ಅವನು ಯೋಚಿಸುವುದೂ ಅಲ್ಲೇ ಅಚ್ಚಾಗಿದೆ. ಹನ್ನೆರಡರಲ್ಲಿ ಅರ್ಧ ಗಂಟೆ ಇಬ್ಬರೇ ಒಂದು ಕೋಣೆಯಲ್ಲಿದ್ದರೂ ಅವನು ಪುಸ್ತಕದಿಂದ ತಲೆ ಎತ್ತುವುದಿಲ್ಲ. ಮೊದಲ ಓದಿನಲ್ಲಿ ಅದು ಸೊಕ್ಕು. ಹತ್ತನೇ ಅಧ್ಯಾಯ ನೆನಪಿದ್ದು ಓದಿದರೆ, ಪಾಪ, ತಲೆ ಎತ್ತುವ ಧೈರ್ಯವಿಲ್ಲ.

ಇಷ್ಟೆಲ್ಲ ಹೇಳಿದರೂ ನಾವು ಅವನನ್ನು ಜಂಬದ ಮನುಷ್ಯ ಎಂದೇ ಓದುತ್ತ ಹೋಗುತ್ತೇವೆ. ಯಾಕೆಂದರೆ ಎಲಿಜಬೆತ್ ನಮಗೆ ಇಷ್ಟ. ಮಳೆ ಬಂದು ಕೆಸರಾದ ಹೊಲಗದ್ದೆಗಳಲ್ಲಿ ಮೂರು ಮೈಲಿ, ಹೆಚ್ಚುಕಡಿಮೆ ಗಾಂಧಿ ಬಜಾರಿನಿಂದ ಕಬ್ಬನ್ ಪಾರ್ಕಿನಷ್ಟು ದೂರ, ಕಾಯಿಲೆಯ ಅಕ್ಕನನ್ನು ನೋಡಲು ನಡೆದೇ ಹೋಗುವ ಹುಡುಗಿ. ಚುರುಕು ನಾಲಿಗೆ. ಅವಳ ಕಡೆ ನಿಂತ ಮೇಲೆ ಅವಳ ಕಣ್ಣಲ್ಲೇ ನೋಡುತ್ತೇವೆ.

ಬಲೆಯ ಇನ್ನೊಂದು ತುದಿ ವಿಕಮ್ ಎಂಬ ಮಿಲಿಷಿಯಾ ಅಧಿಕಾರಿ. ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಊರೂರಿನಲ್ಲಿ ದೇಶರಕ್ಷಣೆಯ ಮಿಲಿಷಿಯಾ ಪಡೆಗಳು ಬಿಡಾರ ಹೂಡುತ್ತಿದ್ದವು. ಕೆಂಪು ಕೋಟು ತೊಟ್ಟವನ ಪೂರ್ವಾಪರ ಆ ಊರಿನವರಿಗೆ ಗೊತ್ತಿರುತ್ತಿರಲಿಲ್ಲ. ಕಾದಂಬರಿ ಅಚ್ಚಾಗುವ ನಾಲ್ಕು ವರ್ಷ ಮೊದಲು, 1809ರಲ್ಲಿ, ಬೆಂಗಳೂರಿನಲ್ಲೂ ದಂಡು ನೆಲೆಯೂರಿತ್ತು. ಅಪರಿಚಿತ ಸಿಪಾಯಿ ಅಧಿಕಾರಿಗಳು ಊರಿಗೆ ಬಂದಿಳಿದರೆ ಏನೇನು ಮಾತು ಹುಟ್ಟುತ್ತದೆ ಎಂದು ಇಲ್ಲಿನವರಿಗೂ ಗೊತ್ತಿರಲೇಬೇಕು. ಹದಿನಾರನೇ ಅಧ್ಯಾಯದಲ್ಲಿ ವಿಕಮ್ ಎಲಿಜಬೆತ್ ಪಕ್ಕದಲ್ಲಿ ಕೂತು ಡಾರ್ಸಿಯಿಂದ ತನಗಾದ ಅನ್ಯಾಯವನ್ನು ತೋಡಿಕೊಳ್ಳುತ್ತಾನೆ. ನಾವು ಮರುಗುತ್ತೇವೆ. ಈಗ ಅದೇ ಅಧ್ಯಾಯವನ್ನು ಪೊಲೀಸ್ ಕಣ್ಣಿನಿಂದ ಓದಿ. ಕತೆ ಶುರು ಮಾಡುವ ಮೊದಲು, ಡಾರ್ಸಿ ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು ಅವನು ಕೇಳುತ್ತಾನೆ. ಅವನ ಜೊತೆ ಒಂದೇ ಮನೆಯಲ್ಲಿ ನಾಲ್ಕು ದಿನ ಇದ್ದೆ, ಸ್ವಲ್ಪವೂ ಸೇರುವುದಿಲ್ಲ ಎಂದು ಅವಳು ಬಾಯಿ ಬಿಟ್ಟ ಮೇಲೆಯೇ ಅವನ ನಾಲಿಗೆ ಸಡಿಲವಾಗುವುದು. ಡಾರ್ಸಿಯ ತಂದೆಯ ನೆನಪಿರುವ ತನಕ ಮಗನ ಮಾನ ಕಳೆಯಲಾರೆ ಎನ್ನುತ್ತಾನೆ, ಹಾಗೆನ್ನುತ್ತಲೇ ಹಿಂದಿನ ದಿನವಷ್ಟೇ ಪರಿಚಯವಾದ ಹುಡುಗಿಯ ಎದುರು ಮಾನ ಕಳೆಯುತ್ತಾನೆ. ಡಾರ್ಸಿಗೆ ಹೆದರಿ ನಾನೇಕೆ ಜಾಗ ಬಿಡಲಿ ಎನ್ನುತ್ತಾನೆ, ಹದಿನೆಂಟರ ನೃತ್ಯಕೂಟಕ್ಕೆ ತಲೆ ಹಾಕುವುದೇ ಇಲ್ಲ.

ಹದಿನೆಂಟರಲ್ಲಿ ಇನ್ನೊಂದು ಕೈಚಳಕವಿದೆ. ವಿಕಮ್ ನಂಬಿಕೆಗೆ ಯೋಗ್ಯನಲ್ಲ ಎಂದು ಎಲಿಜಬೆತ್‌ಗೆ ಒಬ್ಬರು ಸ್ಪಷ್ಟವಾಗಿ ಎಚ್ಚರಿಸುತ್ತಾರೆ. ಯಾರು? ಮಿಸ್ ಬಿಂಗ್ಲಿ. ಇಡೀ ಪುಸ್ತಕದಲ್ಲಿ ಯಾರಿಗೂ ಬೇಡವಾದ ಹೆಂಗಸು. ನಿಜವನ್ನು ಅವಳ ಬಾಯಲ್ಲಿ ಇಟ್ಟರೆ ಯಾರೂ ನಂಬುವುದಿಲ್ಲ ಎಂದು ಆಸ್ಟಿನ್‌ಗೆ ಗೊತ್ತು. ಎಲಿಜಬೆತ್ ನಂಬುವುದಿಲ್ಲ, ಮೊದಲ ಓದಿನಲ್ಲಿ ನಾವೂ ನಂಬುವುದಿಲ್ಲ. ಪತ್ತೇದಾರಿ ಕಾದಂಬರಿ ಬರೆಯುವವರು ಕೂತು ಕಲಿಯಬೇಕಾದ ಜಾಗ ಇದು.

ಈಗ ಭಾನುವಾರಕ್ಕೆ ಇಟ್ಟುಕೊಂಡ ಮೂರು ಅಧ್ಯಾಯ. 34ರಲ್ಲಿ ಎಲಿಜಬೆತ್ ತಲೆನೋವೆಂದು ಮನೆಯಲ್ಲೇ ಉಳಿದು ಅಕ್ಕ ಬರೆದಿದ್ದ ಹಳೆಯ ಪತ್ರಗಳನ್ನು ಮತ್ತೆ ತೆಗೆದು ಓದುತ್ತಿರುತ್ತಾಳೆ. ಡಾರ್ಸಿ ಒಳಗೆ ಬರುತ್ತಾನೆ, ಅತ್ತಿತ್ತ ಓಡಾಡುತ್ತಾನೆ, ಮದುವೆಯ ಪ್ರಸ್ತಾಪ ಇಡುತ್ತಾನೆ. ಸಿನಿಮಾದಲ್ಲಿ ಇದನ್ನು ಮಳೆಯಲ್ಲಿ ತೋರಿಸಿದ್ದಾರೆ. ಕಾದಂಬರಿಯಲ್ಲಿ ಇದು ನಡೆಯುವುದು ಕಾಲಿನ್ಸನ ಮನೆಯ ಒಂದು ಕೋಣೆಯಲ್ಲಿ. ಇಲ್ಲಿ ಗಮನಿಸಬೇಕಾದದ್ದು ಉದ್ಧರಣ ಚಿಹ್ನೆಗಳನ್ನು. ಡಾರ್ಸಿಯ ಮೊದಲ ನಾಲ್ಕು ವಾಕ್ಯ ಮಾತ್ರ ಅವನ ಬಾಯಿಂದಲೇ ಬರುತ್ತವೆ. ಆಮೇಲಿನ ಅವನ ಪ್ರೇಮನಿವೇದನೆಯನ್ನೆಲ್ಲ, ನಿಮ್ಮ ಮನೆತನ ನಮಗೆ ಸಮನಲ್ಲ ಎಂಬ ಭಾಗವೂ ಸೇರಿ, ಲೇಖಕಿ ವರದಿ ಒಪ್ಪಿಸಿ ಮುಗಿಸುತ್ತಾಳೆ. ಎಲಿಜಬೆತ್‌ಳ ತಿರಸ್ಕಾರ ಮಾತ್ರ ಪೂರ್ತಿಯಾಗಿ, ಅಕ್ಷರ ಅಕ್ಷರ ನಮ್ಮ ಕಿವಿಗೆ ಬೀಳುತ್ತದೆ. ಪ್ರೀತಿಯ ಮಾತಿಗೆ ಪರೋಕ್ಷ ವರದಿ, ಜಗಳಕ್ಕೆ ನೇರ ಪ್ರಸಾರ.

35 ಹೆಚ್ಚುಕಡಿಮೆ ಪೂರ್ತಿ ಒಂದು ಪತ್ರ. ಬೆಳಿಗ್ಗೆ ಎಂಟು ಗಂಟೆ ಎಂದು ಹಾಕಿ ಒತ್ತೊತ್ತಾದ ಕೈಬರಹದಲ್ಲಿ ಎರಡು ಹಾಳೆ ತುಂಬಿ, ಹೊರಲಕೋಟೆಯ ಮೇಲೂ ತುಂಬಿ, ವಿಕಮ್‌ನ ನಿಜವನ್ನು ಬಿಚ್ಚಿಟ್ಟು ಡಾರ್ಸಿ ಬರೆದದ್ದು. ಬೇಸರವೆಂದು ಹಾರಿಸುವವರು ಇಲ್ಲೇ ಹಾರಿಸುವುದು, ಕಾದಂಬರಿಯನ್ನು ಕಳೆದುಕೊಳ್ಳುವುದೂ ಇಲ್ಲೇ. 36ರಲ್ಲಿ ಅವಳು ಅದನ್ನು ಓದುವ ಬಗೆ ನೋಡಿ. ಮೊದಲು ರೋಷದಿಂದ ಓದುತ್ತಾಳೆ, ಎಲ್ಲ ಸುಳ್ಳು ಎಂದು ಮಡಿಚಿಡುತ್ತಾಳೆ, ಇನ್ನು ಮುಟ್ಟುವುದೇ ಇಲ್ಲ ಎನ್ನುತ್ತಾಳೆ. ಅರ್ಧ ನಿಮಿಷದಲ್ಲಿ ಪತ್ರ ಮತ್ತೆ ಬಿಚ್ಚಿಕೊಂಡಿರುತ್ತದೆ. ಈ ಸಲ ವಾಕ್ಯ ವಾಕ್ಯಕ್ಕೂ ನಿಂತು ತೂಗುತ್ತಾಳೆ. ವಿಕಮ್ ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಗೆ ತಂದು, ಪರಿಚಯವಿಲ್ಲದ ತನ್ನೆದುರು ಅವನು ಅದನ್ನೆಲ್ಲ ಆಡಿದ್ದೇ ಸರಿಯಲ್ಲ ಎಂಬುದು ಆಗ ಯಾಕೆ ಹೊಳೆಯಲಿಲ್ಲ ಎಂದುಕೊಳ್ಳುತ್ತಾಳೆ. ಇಲ್ಲಿಯವರೆಗೆ ತನ್ನನ್ನು ತಾನೇ ಅರಿತಿರಲಿಲ್ಲ ಎನ್ನುತ್ತಾಳೆ. ಎರಡು ಗಂಟೆ ಆ ದಾರಿಯಲ್ಲೇ ಅಲೆಯುತ್ತಾಳೆ.

ಅಂದರೆ ನಾಯಕಿ ಮರುಓದು ಮಾಡುತ್ತಿದ್ದಾಳೆ. ನಾವೂ ಅದನ್ನೇ ಮಾಡಬೇಕು, ಆಗಲೇ ಮಾಡಬೇಕು. 36 ಮುಗಿದ ಕೂಡಲೇ ಪುಸ್ತಕಕ್ಕೆ ಗುರುತಿಟ್ಟು 3, 6, 10, 16, 18 ಇಷ್ಟನ್ನು ಇನ್ನೊಮ್ಮೆ ಓದಿ ಬನ್ನಿ. ಒಂದೂವರೆ ಗಂಟೆಯ ಕೆಲಸ. ಆಮೇಲೆ 37ಕ್ಕೆ ಹೋಗಿ. ಕೊನೆ ಮುಟ್ಟಿ ಆಮೇಲೆ ಹಿಂದಿರುಗುವೆ ಎಂದುಕೊಂಡರೆ ಅಷ್ಟು ಹೊತ್ತಿಗೆ ಡಾರ್ಸಿ ಒಳ್ಳೆಯವನೆಂಬುದು ಹಳೇ ಸುದ್ದಿಯಾಗಿರುತ್ತದೆ, ಮೋಸ ಹೋದ ಬಿಸಿ ಆರಿರುತ್ತದೆ. ಎಲಿಜಬೆತ್‌ಗೆ ನಾಚಿಕೆಯಾಗುವ ಹೊತ್ತಿಗೆ ಸರಿಯಾಗಿ ನಮಗೂ ನಾಚಿಕೆಯಾಗಬೇಕು. ಈ ಕಾದಂಬರಿಯ ಮೊದಲ ಕರಡು 1796–97ರಲ್ಲಿ, ಆಸ್ಟಿನ್ ತನ್ನ ಇಪ್ಪತ್ತು, ಇಪ್ಪತ್ತೊಂದರ ವಯಸ್ಸಿನಲ್ಲಿ ಬರೆದದ್ದು. ಆಗ ಅದರ ಹೆಸರು ‘ಫಸ್ಟ್ ಇಂಪ್ರೆಷನ್ಸ್’, ಅಂದರೆ ಮೊದಲ ನೋಟದ ಅನಿಸಿಕೆಗಳು. 1797ರ ನವೆಂಬರ್‌ನಲ್ಲಿ ತಂದೆ ಲಂಡನ್ನಿನ ಪ್ರಕಾಶಕ ಕ್ಯಾಡೆಲ್‌ಗೆ ಬರೆದು ಕೇಳಿದರು. ಹಸ್ತಪ್ರತಿ ತರಿಸಿ ನೋಡುವ ಗೋಜಿಗೂ ಹೋಗದೆ ಅವರು ಬೇಡವೆಂದರು. ಮೊದಲ ನೋಟವೂ ಸಿಗದ ಪುಸ್ತಕ! ಹದಿನೈದು ವರ್ಷದ ನಂತರ ತಿದ್ದಿ, ಕತ್ತರಿಸಿ, ಹಕ್ಕನ್ನು ಪ್ರಕಾಶಕ ಎಗರ್ಟನ್‌ಗೆ 110 ಪೌಂಡಿಗೆ ಮಾರಿದಳು. ಅವಳು ಬಯಸಿದ್ದು 150. ಮುಖಪುಟದಲ್ಲಿ ಅವಳ ಹೆಸರೂ ಇರಲಿಲ್ಲ.

ಮುಂದಿನ ಭಾಗ ಬೇಗ ಓದಿಸಿಕೊಳ್ಳುತ್ತದೆ, ಹೆಚ್ಚು ಸಹಾಯ ಬೇಕಿಲ್ಲ. ಎರಡು ಕಡೆ ಮಾತ್ರ ಎಚ್ಚರ. 43ರಲ್ಲಿ ಎಲಿಜಬೆತ್ ಡಾರ್ಸಿಯ ಪೆಂಬರ್ಲಿ ಬಂಗಲೆಯನ್ನು ನೋಡುತ್ತಾಳೆ, ಇದರ ಒಡತಿಯಾಗುವುದೆಂದರೆ ಸಣ್ಣ ಮಾತಲ್ಲ ಎಂದುಕೊಳ್ಳುತ್ತಾಳೆ. ಮುಂದೆ 59ರಲ್ಲಿ ಯಾವಾಗಿನಿಂದ ಪ್ರೀತಿ ಎಂದು ಅಕ್ಕ ಕೇಳಿದರೆ, ಪೆಂಬರ್ಲಿಯ ತೋಟ ನೋಡಿದಾಗಿನಿಂದ ಎನ್ನುತ್ತಾಳೆ. ತಮಾಷೆ ಅದು, ಜೇನ್ ಕೂಡಲೇ ಸರಿಯಾಗಿ ಹೇಳು ಎಂದು ಗದರುತ್ತಾಳೆ. ಆದರೂ ಬಂಗಲೆಗೆ ಮರುಳಾದಳು ಎಂದು ಓದಿದವರಿದ್ದಾರೆ, ಅದೂ ಸಾಮಾನ್ಯರಲ್ಲ. ಕಾದಂಬರಿಕಾರ ವಾಲ್ಟರ್ ಸ್ಕಾಟ್ 1816ರಲ್ಲಿ ಬಂದ ವಿಮರ್ಶೆಯೊಂದರಲ್ಲಿ ಹಾಗೆಯೇ ಬರೆದ. ಅದೇ ಸ್ಕಾಟ್ 1826ರ ಮಾರ್ಚ್‌ನಲ್ಲಿ ತನ್ನ ದಿನಚರಿಯಲ್ಲಿ, ಈ ಕಾದಂಬರಿಯನ್ನು ಕಡೇಪಕ್ಷ ಮೂರನೇ ಸಲ ಓದುತ್ತಿದ್ದೇನೆ ಎಂದು ಮೆಚ್ಚಿ ಬರೆದುಕೊಂಡಿದ್ದಾನೆ. 43ರಲ್ಲಿ ಅವಳನ್ನು ನಿಜವಾಗಿ ಅಲುಗಿಸುವುದು ಕಟ್ಟಡವಲ್ಲ, ಅದನ್ನು ತೋರಿಸುವ ಮನೆವಾರ್ತೆಯ ಹೆಂಗಸಿನ ಮಾತು: ನಾಲ್ಕು ವರ್ಷದ ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ, ಒಂದು ದಿನ ನನಗೆ ಗಡುಸಾಗಿ ಮಾತಾಡಿದವರಲ್ಲ. ಕೆಲಸದವರ ಬಾಯಿಂದ ಬಂದ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ, ಇದು ನಮ್ಮ ಕಡೆ ಹೆಣ್ಣು ಕೊಡುವವರಿಗೂ ಗೊತ್ತು.

ಇನ್ನೊಂದು, ಲಿಡಿಯಾ ವಿಕಮ್ ಜೊತೆ ಓಡಿಹೋಗುವುದು. ಅವಳಿಗೆ ಹದಿನಾರು. 1753ರ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಇಪ್ಪತ್ತೊಂದು ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಲು ತಂದೆಯ ಒಪ್ಪಿಗೆ ಬೇಕಿತ್ತು, ಸ್ಕಾಟ್ಲೆಂಡಿನಲ್ಲಿ ಬೇಕಿರಲಿಲ್ಲ. ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಹೋಗಿದ್ದಾರೆ ಎಂದರೆ ಮದುವೆಯಾದರೂ ಆಗುತ್ತದೆ ಎಂಬ ಸಮಾಧಾನ. ಅವರು ಲಂಡನ್ನಿನಲ್ಲೇ ಉಳಿದಿದ್ದಾರೆ ಎಂದು ತಿಳಿದಾಗ ಮನೆಯವರ ಎದೆ ಒಡೆಯುವುದು ಅದಕ್ಕೇ. ಬಿಡಿಸಿಕೊಳ್ಳಲು ಎಷ್ಟಾಯಿತು ಎಂಬ ಲೆಕ್ಕವನ್ನೂ ಚೀಟಿಗೆ ಸೇರಿಸಿ: ವಿಕಮ್‌ನ ಸಾಲ ಸಾವಿರಕ್ಕೂ ಬಹಳ ಹೆಚ್ಚು, ಲಿಡಿಯಾ ಹೆಸರಿಗೆ ಇನ್ನೊಂದು ಸಾವಿರ, ಸೈನ್ಯದಲ್ಲಿ ಹುದ್ದೆ ಕೊಳ್ಳುವ ಹಣ ಬೇರೆ. ಕೊಟ್ಟವನು ಡಾರ್ಸಿ, ಯಾರಿಗೂ ಹೇಳಬೇಡಿ ಎಂದು. ಈ ಪುಸ್ತಕದಲ್ಲಿ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದಕ್ಕೆ ಹತ್ತಿರದ ಮಾತು ಆ ರಸೀದಿಯೇ.

ಹಾಗಾಗಿ 58ರಲ್ಲಿ ಡಾರ್ಸಿ ಎರಡನೇ ಸಲ ಕೇಳುವಾಗ ದೊಡ್ಡ ಸಂಭಾಷಣೆ ನಿರೀಕ್ಷಿಸಿದವರಿಗೆ ನಿರಾಸೆಯಾಗುತ್ತದೆ. ಅವಳು ಒಪ್ಪಿದಳು, ಪ್ರೀತಿಯಲ್ಲಿ ಮುಳುಗಿದವನೊಬ್ಬ ಎಷ್ಟು ವಿವೇಕವಾಗಿ, ಎಷ್ಟು ಬೆಚ್ಚಗೆ ಮಾತಾಡಬಲ್ಲನೋ ಅಷ್ಟು ಮಾತಾಡಿದ ಎಂದು ಲೇಖಕಿ ಒಂದೇ ಉಸಿರಿಗೆ ಮುಗಿಸುತ್ತಾಳೆ. ನಮ್ಮ ಸಿನಿಮಾ ಆಗಿದ್ದರೆ ಇಲ್ಲಿ ಒಂದು ಹಾಡು ಗ್ಯಾರಂಟಿ. ಶಾರ್ಲೆಟ್ ಬ್ರಾಂಟೆ 1848ರ ಪತ್ರವೊಂದರಲ್ಲಿ, ಬೇಲಿ ಹಾಕಿ ಅಂದವಾಗಿ ಕತ್ತರಿಸಿದ ಹೂದೋಟದಂಥ ಪುಸ್ತಕ, ಬಯಲೇ ಇಲ್ಲ, ಗಾಳಿಯೇ ಇಲ್ಲ ಎಂದು ದೂರಿದ್ದು ಇಂಥ ಕಡೆಗಳಲ್ಲಿ ನಿಜವೆನ್ನಿಸುತ್ತದೆ. ಆವೇಗ ಬೇಕಾದವರು ಅವಳ ಕಾದಂಬರಿಯನ್ನೇ ಓದಲಿ, ಅದರಲ್ಲಿ ಎರಡು ಮಾತಿಲ್ಲ.

ಬಹಳ ಜನ 58ಕ್ಕೆ ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ, ಉಳಿದಿರುವುದು ಮೂರೇ ಅಧ್ಯಾಯ, ಅರ್ಧ ಗಂಟೆ. 59ರಲ್ಲಿ ಬೆನೆಟ್ ಮಗಳನ್ನು ಕೋಣೆಗೆ ಕರೆದು, ಗೌರವಿಸಲಾಗದ ಸಂಗಾತಿಯ ಜೊತೆ ಬದುಕುವ ಸ್ಥಿತಿ ನಿನಗೆ ಬಾರದಿರಲಿ ಎನ್ನುತ್ತಾನೆ. ತನ್ನ ಮದುವೆಯ ಬಗ್ಗೆ ಅವನು ಆಡುವ ಒಂದೇ ನಿಜದ ಮಾತು ಅದು. 60ರಲ್ಲಿ ಅದೇ ಬೆನೆಟ್ ಕಾಲಿನ್ಸ್‌ಗೆ ಕಾಗದ ಹಾಕುತ್ತಾನೆ: ಲೇಡಿ ಕ್ಯಾಥರೀನ್‌ಗೆ ಸಮಾಧಾನ ಹೇಳು, ಆದರೆ ನಿನ್ನ ಜಾಗದಲ್ಲಿ ನಾನಿದ್ದರೆ ಅವಳ ಸೋದರಿಯ ಮಗನ ಕಡೆ ನಿಲ್ಲುತ್ತಿದ್ದೆ, ಕೊಡಲಿಕ್ಕೆ ಅವನ ಹತ್ತಿರವೇ ಹೆಚ್ಚಿದೆ. 61ರಲ್ಲಿ ಲಿಡಿಯಾ ಅಕ್ಕನಿಗೆ ಶುಭಾಶಯದ ಜೊತೆಗೇ ವರ್ಷಕ್ಕೆ ಮುನ್ನೂರು ನಾನ್ನೂರು ಪೌಂಡಿನ ಕೆಲಸವೊಂದನ್ನು ಗಂಡನಿಗೆ ಕೊಡಿಸೆಂದು ಬರೆಯುತ್ತಾಳೆ. ಎಲಿಜಬೆತ್ ಅದನ್ನು ಗಂಡನವರೆಗೆ ಒಯ್ಯದೆ ತನ್ನ ಖರ್ಚಿನ ದುಡ್ಡಿನಲ್ಲೇ ಉಳಿಸಿ ಆಗಾಗ ಕಳಿಸುತ್ತಾಳೆ. ಇನ್ನು ಜೇನ್ ಮತ್ತು ಬಿಂಗ್ಲಿ, ಇಡೀ ಪುಸ್ತಕದಲ್ಲಿ ಯಾರ ಮೇಲೂ ಸಿಟ್ಟು ಉಳಿಸಿಕೊಳ್ಳದ ಜೋಡಿ. ತವರಿಗೆ ಮೂರೇ ಮೈಲಿಯಲ್ಲಿದ್ದ ಬಂಗಲೆಯಲ್ಲಿ ಅವರು ತಡೆದದ್ದು ಒಂದು ವರ್ಷ. ಆಮೇಲೆ ಡಾರ್ಸಿಯ ಡರ್ಬಿಷೈರ್ ಪಕ್ಕದ ಜಿಲ್ಲೆಯಲ್ಲಿ ಜಮೀನು ಕೊಂಡು ಹೊರಟುಬಿಟ್ಟರು, ಅತ್ತೆಯ ಕಾಟಕ್ಕೆ.